ಬಾಣಂತಿ ಕೋಣೆಗೆ ಪುಸ್ತಕ ತಂದ ಡಾಕ್ಟರಮ್ಮ: ಅನುಪಮಾ ನಿರಂಜನ

ಹಸು ಕರು ಹಾಕಿದ ಮನೆಯಲ್ಲಿ ಮೊದಲ ಎರಡು ಮೂರು ದಿನದ ಹಾಲನ್ನು ಯಾರೂ ಚೆಲ್ಲಲ್ಲ. ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿ ಅಕ್ಕಪಕ್ಕದ ಮನೆಗೂ ಹಂಚುತ್ತಾರೆ. ಅರಸೀಕೆರೆ ಕಡೆಯ ತೆಂಗಿನ ತೋಟದ ಮನೆಯಾಗಲಿ, ಬೇಲೂರು ಕಡೆಯ ಕಾಫಿ ತೋಟದ ಲೈನ್ ಮನೆಯಾಗಲಿ, ಹಳೇಬೀಡಿನ ಪೇಟೆ ಮನೆಯಾಗಲಿ, ಗಿಣ್ಣು ಅಂದರೆ ಎಲ್ಲರ ಬಾಯಲ್ಲೂ ನೀರು. ಹಂಚುವ ಮೊದಲು ಕರುವಿಗೆ ಕುಡಿಸಬೇಕು, ಗಿಣ್ಣು ಕುಡಿಯದ ಕರು ಉಳಿಯೋದು ಕಷ್ಟ ಅನ್ನೋದು ದನ ಕಟ್ಟಿದವರಿಗೆಲ್ಲ ಗೊತ್ತಿರುವ ವಿಚಾರ.

ಅದೇ ಮನೆಯಲ್ಲಿ ಮಗಳೋ ಸೊಸೆಯೋ ಹೆತ್ತಾಗ ಮಾತ್ರ ಲೆಕ್ಕ ಉಲ್ಟಾ ಆಗುತ್ತಿತ್ತು. ಅವಳ ಎದೆಯಲ್ಲಿ ಮೊದಲು ಬರುವ ಹಳದಿ ಬಣ್ಣದ ಗಟ್ಟಿ ಹಾಲು ಕೆಟ್ಟ ಹಾಲು, ಮಗುವಿಗೆ ಅರಗಲ್ಲ, ಹಿಂಡಿ ಚೆಲ್ಲಿಬಿಡಿ ಅಂತ ಹಿರಿಯರು ಹೇಳುತ್ತಿದ್ದರು. ಎರಡು ಮೂರು ದಿನ ಮಗುವಿನ ಬಾಯಿಗೆ ಸಕ್ಕರೆ ನೀರು, ಜೇನುತುಪ್ಪ, ಹರಳೆಣ್ಣೆ. ಕರುವಿಗೆ ಸಿಕ್ಕಿದ್ದು ಮನೆಯ ಕೂಸಿಗೆ ಸಿಗುತ್ತಿರಲಿಲ್ಲ.

ಇಂಥ ನಂಬಿಕೆಗಳ ನಡುವೆ ಬೆಳೆದು, ಡಾಕ್ಟರಾಗಿ, ತಾಯಿಯಾಗಿ, ಕೊನೆಗೆ ಹೆಣ್ಣುಮಕ್ಕಳು ತಾವೇ ಓದಿಕೊಳ್ಳಲಿ ಅಂತ ಕನ್ನಡದಲ್ಲಿ ಬರೆಯಲು ಕೂತವರು ಡಾ. ಅನುಪಮಾ ನಿರಂಜನ. ಕಾದಂಬರಿಗಾರ್ತಿಯಾಗಿ ಅವರ ಹೆಸರು ದೊಡ್ಡದು. ಆದರೆ ಸಾಹಿತ್ಯ ಅಂದರೆ ದೂರ ಅನ್ನುವ ಮನೆಗಳಿಗೂ ಅವರು ಹೊಕ್ಕಿದ್ದು ಒಂದು ಸಾದಾ ಪುಸ್ತಕದಿಂದ. ಅದರ ಹೆಸರು ತಾಯಿ ಮಗು.

ಹುಟ್ಟಿದ್ದು 1934ರ ಮೇ 17, ಮಲೆನಾಡಿನ ತೀರ್ಥಹಳ್ಳಿಯಲ್ಲಿ. ಹೆತ್ತವರು ಇಟ್ಟ ಹೆಸರು ವೆಂಕಟಲಕ್ಷ್ಮಿ. ಬರೆಯೋಕೆ ಶುರುಮಾಡಿದ ಮೇಲೆ ಅನುಪಮಾ ಆದರು, ಮುಂದೆ ಆ ಹೆಸರೇ ಉಳಿಯಿತು. ತೀರ್ಥಹಳ್ಳಿಗೂ ಬೇಲೂರಿನ ಪಶ್ಚಿಮದ ಹೋಬಳಿಗಳಿಗೂ ಮಳೆ ಒಂದೇ, ಬದುಕೂ ಹೆಚ್ಚುಕಡಿಮೆ ಒಂದೇ ತರ. ಜೂನ್‌ನಲ್ಲಿ ಹಿಡಿದ ಮಳೆ ಬಿಡದ ಊರಲ್ಲಿ ಬಾಣಂತಿ ಬಟ್ಟೆ ಒಣಗಿಸೋದೇ ಒಂದು ಕೆಲಸ. ಬಚ್ಚಲ ಹಂಡೆ ಕೆಳಗೆ ಬೆಳಿಗ್ಗೆಯಿಂದ ಸಂಜೆವರೆಗೆ ಬೆಂಕಿ. ಆಸ್ಪತ್ರೆ ದೂರ, ಸೂಲಗಿತ್ತಿ ಹತ್ತಿರ.

ಆ ಕಾಲದ ಹೆಣ್ಣುಮಗಳೊಬ್ಬಳು ಮೆಡಿಕಲ್ ಓದುವುದು ಸಣ್ಣ ಮಾತಲ್ಲ. ಅನುಪಮಾ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಓದಿದರು. ಆ ಕಾಲೇಜಿಗೆ ಸೇರಿದ ಚೆಲುವಾಂಬ ಹೆರಿಗೆ ಆಸ್ಪತ್ರೆಗೆ ಇವತ್ತಿಗೂ ಸುತ್ತಲ ಜಿಲ್ಲೆಗಳಿಂದ ಬಸುರಿಯರು ಬರುತ್ತಾರೆ. ಓದು ಮುಗಿಯುವ ಹೊತ್ತಿಗೆ ಕಥೆ ಬರೆಯುವ ಹುಚ್ಚೂ ಹತ್ತಿತ್ತು. 1956ರಲ್ಲಿ ಕಾದಂಬರಿಕಾರ ನಿರಂಜನರನ್ನು ಮದುವೆಯಾದರು. ಕುಳಕುಂದ ಶಿವರಾಯರು ಅನ್ನೋದು ನಿರಂಜನರ ನಿಜ ಹೆಸರು. ಕಾಸರಗೋಡಿನ ಕಯ್ಯೂರು ರೈತ ಹೋರಾಟದ ಮೇಲೆ ಚಿರಸ್ಮರಣೆ ಬರೆದವರು ಇವರೇ. ಪೂರಾ ಎಡಪಂಥದ ಮನುಷ್ಯ, ಬರೆದೇ ಬದುಕಬೇಕು ಅನ್ನುವ ಹಟದವರು. ಇಂಥ ಸಂಸಾರದಲ್ಲಿ ಗಟ್ಟಿ ಸಂಪಾದನೆ ಅಂತ ಇದ್ದರೆ ಡಾಕ್ಟರಮ್ಮನ ಕ್ಲಿನಿಕ್ಕಿನದೇ ಅಂತ ಬೇರೆ ಹೇಳಬೇಕಿಲ್ಲ. ಧಾರವಾಡದಲ್ಲಿ ಕೆಲಕಾಲ, ಆಮೇಲೆ ಬೆಂಗಳೂರಿನಲ್ಲಿ ಅವರು ವೈದ್ಯೆಯಾಗಿ ಕೆಲಸ ಮಾಡಿದರು. ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದರು. ನಡುವೆ ಬರೆದರು.

ಅದು ಎಂಥ ಕಾಲ ಅನ್ನೋದನ್ನ ಸ್ವಲ್ಪ ನೆನಪು ಮಾಡಿಕೊಳ್ಳಬೇಕು. 1961ರ ಜನಗಣತಿಯ ಪ್ರಕಾರ ಆಗಿನ ಮೈಸೂರು ರಾಜ್ಯದಲ್ಲಿ ಓದು ಬರಹ ಬಲ್ಲ ಹೆಂಗಸರು 100ಕ್ಕೆ ಸುಮಾರು 14 ಜನ ಮಾತ್ರ. 1971ರಲ್ಲಿ ದೇಶದಲ್ಲಿ ಹುಟ್ಟಿದ ಪ್ರತಿ 1000 ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಅಂದರೆ ಎಂಟು ತೊಟ್ಟಿಲಲ್ಲಿ ಒಂದು ಖಾಲಿ. ಹಳೆಯ ಮನೆತನಗಳಲ್ಲಿ ಅಜ್ಜಿಯರು ತಮಗೆ ಎಷ್ಟು ಮಕ್ಕಳು ಅಂತ ಕೇಳಿದರೆ ಹೆತ್ತಿದ್ದು ಇಷ್ಟು, ಉಳಿದಿದ್ದು ಇಷ್ಟು ಅಂತ ಎರಡು ಲೆಕ್ಕ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ.

ಹೆತ್ತವಳ ಜೀವವೂ ಅಷ್ಟೇ ನಾಜೂಕು. ಅನುಪಮಾಗಿಂತ ಕೆಲವೇ ವರ್ಷ ದೊಡ್ಡವರಾದ, ಆ ಹೊತ್ತಿಗೆ ಮನೆಮಾತಾಗಿದ್ದ ಕಾದಂಬರಿಗಾರ್ತಿ ತ್ರಿವೇಣಿ 1963ರ ಜುಲೈನಲ್ಲಿ ಮೈಸೂರಿನಲ್ಲಿ ಹೆಣ್ಣು ಮಗುವನ್ನು ಹೆತ್ತು ಹತ್ತೇ ದಿನಕ್ಕೆ ತೀರಿಕೊಂಡರು. ವಯಸ್ಸು ಇನ್ನೂ 34. ಪುಸ್ತಕದ ಮೇಲೆ ಪುಸ್ತಕ ಬರೆದು ಸಾವಿರಾರು ಓದುಗರನ್ನು ಸಂಪಾದಿಸಿದ್ದ, ನಗರದಲ್ಲಿ ಆಸ್ಪತ್ರೆಯ ಮಗ್ಗುಲಲ್ಲೇ ಇದ್ದ ಹೆಣ್ಣುಮಗಳ ಕಥೆಯೇ ಹೀಗಾದರೆ, ಕಣಕಟ್ಟೆ, ಜಾವಗಲ್ ಕಡೆಯ ಹಳ್ಳಿಯವರ ಪಾಡು ಏನಿದ್ದಿರಬೇಕು?

ಬಸುರಿ, ಬಾಣಂತಿ, ಮುಟ್ಟು, ಮೊಲೆಹಾಲು. ಇವೆಲ್ಲ ಆಗ ಗಂಡಸರ ಎದುರು ಆಡುವ ಮಾತಲ್ಲ, ಅಚ್ಚಿನಲ್ಲಿ ಹಾಕುವ ಮಾತಂತೂ ಅಲ್ಲವೇ ಅಲ್ಲ. ಅಡುಗೆಮನೆಯಲ್ಲಿ ಪಿಸುಮಾತಿನಲ್ಲಿ ಅತ್ತೆಯಿಂದ ಸೊಸೆಗೆ, ಅಕ್ಕನಿಂದ ತಂಗಿಗೆ ದಾಟುತ್ತಿದ್ದ ಸಂಗತಿಗಳು. ಡಾಕ್ಟರರು ಓದಿದ್ದು ಇಂಗ್ಲಿಷಿನಲ್ಲಿ, ಚೀಟಿ ಬರೆಯೋದೂ ಇಂಗ್ಲಿಷಿನಲ್ಲಿ. ಕೇಳಬೇಕೆಂದರೆ ನಾಚಿಕೆ, ಹೇಳಬೇಕೆಂದರೆ ಪುರುಸೊತ್ತಿಲ್ಲ.

ಅನುಪಮಾ ಆ ಗೋಡೆಗೆ ಒಂದೊಂದೇ ಕಿಟಕಿ ಇಟ್ಟರು. ಮೈನೆರೆಯುವ ವಯಸ್ಸಿನ ಹುಡುಗಿಯರಿಗೆ ಕೇಳು ಕಿಶೋರಿ. ಮದುವೆಯಾಗುವವರಿಗೆ ವಧುವಿಗೆ ಕಿವಿಮಾತು, ಆದವರಿಗೆ ದಾಂಪತ್ಯ ದೀಪಿಕೆ. ಒಟ್ಟು ಹೆಣ್ಣಿನ ಆರೋಗ್ಯಕ್ಕೆ ಸ್ತ್ರೀ ಸ್ವಾಸ್ಥ್ಯ ಸಂಹಿತೆ. ಗರ್ಭ ನಿಂತಲ್ಲಿಂದ ಹೆರಿಗೆ, ಅಲ್ಲಿಂದ ಕೂಸಿನ ಆರೈಕೆಯವರೆಗೆ ತಾಯಿ ಮಗು. ಈ ಪುಸ್ತಕಗಳು ಮತ್ತೆ ಮತ್ತೆ ಅಚ್ಚಾದವು. ಮದುವೆಗೆ, ಸೀಮಂತಕ್ಕೆ ಉಡುಗೊರೆ ಕೊಡುವ ಪುಸ್ತಕಗಳಾದವು. ಕಾದಂಬರಿ ಮುಟ್ಟದ ಮನೆಯಲ್ಲೂ ಬೀರುವಿನ ಸೀರೆ ಮಡಿಕೆ ನಡುವೆ ಇವುಗಳಲ್ಲಿ ಒಂದು ಸಿಗುತ್ತಿತ್ತು. ಸೀರೆ ನಡುವೆ ಯಾಕೆ ಅಂದರೆ, ಹೊರಗೆ ಇಡೋಕೆ ಇನ್ನೂ ಸಂಕೋಚ.

ಕನ್ನಡದಲ್ಲಿ ಇಂಥದ್ದನ್ನು ಬರೆಯೋಕೆ ಒಂದು ತೊಡಕಿದೆ. ಸಂಸ್ಕೃತದ ದೊಡ್ಡ ಪದ ಹಾಕಿದರೆ ಯಾರಿಗೂ ಅರ್ಥವಾಗಲ್ಲ, ಆಡುಮಾತು ಹಾಕಿದರೆ ಅಸಹ್ಯ ಅಂತಾರೆ. ಕಥೆಗಾರ್ತಿಯ ಕೈ ಪಳಗಿದ್ದ ಅನುಪಮಾಗೆ ಈ ಎರಡರ ನಡುವಿನ ದಾರಿ ಸಿಕ್ಕಿತು. ಡಾಕ್ಟರ್ ಆಗಿದ್ದೂ ಕಥೆಗಾರ್ತಿ ಅಲ್ಲದವರಿಗೆ, ಕಥೆಗಾರ್ತಿಯಾಗಿದ್ದೂ ಡಾಕ್ಟರ್ ಅಲ್ಲದವರಿಗೆ ಆ ಕೆಲಸ ಆಗುತ್ತಿರಲಿಲ್ಲ.

ಹಾಗಾದರೆ ಬಾಣಂತಿ ಕೋಣೆಯಲ್ಲಿ ಆಗುತ್ತಿದ್ದದ್ದು ಏನು? ಅಜ್ಜಿಯರನ್ನೆಲ್ಲ ಅಜ್ಞಾನಿಗಳು ಅಂದುಬಿಟ್ಟರೆ ತಪ್ಪಾಗುತ್ತೆ. ಹೆತ್ತವಳನ್ನು ತವರಿಗೆ ಕರೆತಂದು ಮೂರು ತಿಂಗಳೋ ಐದು ತಿಂಗಳೋ ನೀರು ಸೇದೋದು, ಬೀಸೋದು, ಕಳೆ ಕೀಳೋದು ಯಾವುದೂ ಇಲ್ಲದೆ ಮಲಗಿಸುವ ಪದ್ಧತಿ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಔಷಧಿ ಇಲ್ಲ. ಹೊರಗಿನವರು ಬಂದು ಮಗುವನ್ನು ಮುಟ್ಟಬಾರದು ಅನ್ನೋ ಕಟ್ಟಳೆಯಿಂದ ಎಷ್ಟೋ ಸೋಂಕು ಬಾಗಿಲಲ್ಲೇ ನಿಂತಿದೆ. ಅರಸೀಕೆರೆ ಸೀಮೆಯ ಒಣಕೊಬ್ಬರಿ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಮೆಣಸಿನ ಸಾರು, ತುಪ್ಪದ ಅನ್ನ ತಿಂದ ಬಾಣಂತಿಗೆ ಹೊಟ್ಟೆಯೂ ತುಂಬುತ್ತಿತ್ತು, ತನ್ನನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ ಅನ್ನೋ ಧೈರ್ಯವೂ ಬರುತ್ತಿತ್ತು. ಆ ಧೈರ್ಯಕ್ಕೂ ಹಾಲಿಗೂ ನೇರ ಸಂಬಂಧವಿದೆ.

ಹೇಗೆ ಅಂದರೆ, ಮಗು ಚೀಪಿದಾಗ ತಾಯಿಯ ಮಿದುಳಿಗೆ ಸುದ್ದಿ ಹೋಗುತ್ತೆ. ಅಲ್ಲಿಂದ ಎರಡು ರಸ ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲು ಉತ್ಪತ್ತಿ ಮಾಡಿಸುತ್ತೆ, ಆಕ್ಸಿಟೋಸಿನ್ ಆ ಹಾಲನ್ನು ಹೊರಗೆ ಇಳಿಸುತ್ತೆ. ಹೆದರಿಕೆ, ನೋವು, ಮನೆಯವರ ಚುಚ್ಚುಮಾತು ಇದ್ದರೆ ಈ ಎರಡನೆಯದು ತಡವಾಗುತ್ತೆ. ಎದೆಯಲ್ಲಿ ಹಾಲಿದ್ದರೂ ಇಳಿಯಲ್ಲ. ಮಗು ಅಳುತ್ತೆ, ಹಾಲು ಸಾಲದು ಅಂತ ಮನೆಯವರು ತೀರ್ಮಾನ ಮಾಡುತ್ತಾರೆ, ಬಾಟಲಿ ಬರುತ್ತೆ. ಬಾಟಲಿ ಬಂದಷ್ಟೂ ಮಗು ಚೀಪೋದು ಕಮ್ಮಿ, ಚೀಪೋದು ಕಮ್ಮಿಯಾದಷ್ಟೂ ಹಾಲು ಕಮ್ಮಿ. ಬಾವಿಯ ನೀರು ಸೇದಿದಷ್ಟೂ ಊರುತ್ತೆ, ಬಿಟ್ಟರೆ ನಿಲ್ಲುತ್ತೆ ಅನ್ನೋದು ಬಯಲುಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಇಲ್ಲೂ ಅದೇ ಲೆಕ್ಕ.

ತಪ್ಪುಗಳೂ ಇದ್ದವು, ಕೆಲವು ಜೀವ ತೆಗೆಯುವ ತಪ್ಪುಗಳು. ಹೊಕ್ಕುಳಬಳ್ಳಿಗೆ ಬೂದಿ, ಸಗಣಿ ಹಚ್ಚುವುದು ಅವುಗಳಲ್ಲಿ ಒಂದು. ಅದರಿಂದ ಧನುರ್ವಾಯು ತಗುಲಿ ವಾರ ಹತ್ತು ದಿನದ ಕೂಸುಗಳು ಸೆಟೆದು ಸಾಯುತ್ತಿದ್ದವು. ಕೆಟ್ಟ ಗಾಳಿ, ಕಣ್ಣು ದೃಷ್ಟಿ ಅಂತ ಜನ ಅಂದುಕೊಳ್ಳುತ್ತಿದ್ದರು. ಬಸುರಿಯರಿಗೆ ಟಿಟಿ ಚುಚ್ಚುಮದ್ದು, ಹೊಸ ಬ್ಲೇಡು, ಆಸ್ಪತ್ರೆ ಹೆರಿಗೆ ಬಂದ ಮೇಲೆ ಇದು ಇಳಿಯುತ್ತಾ ಹೋಗಿ, 2015ರಲ್ಲಿ ಭಾರತದಲ್ಲಿ ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯು ನಿರ್ಮೂಲವಾಗಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಅನುಪಮಾ ಅದನ್ನು ನೋಡಲು ಇರಲಿಲ್ಲ.

ಬಾಣಂತಿಗೆ ನೀರು ಕೊಡದಿರೋದು ಇನ್ನೊಂದು. ಹೊಟ್ಟೆ ಬರುತ್ತೆ, ಶೀತವಾಗುತ್ತೆ ಅಂತ ದಿನಕ್ಕೆ ಎರಡೇ ಲೋಟ ಬಿಸಿನೀರು. ಎದೆಹಾಲಿನಲ್ಲಿ 100ಕ್ಕೆ ಸುಮಾರು 88 ಪಾಲು ನೀರೇ ಇರುತ್ತೆ, ಅದೆಲ್ಲ ಹೋಗೋದು ಆಕೆಯ ಮೈಯಿಂದಲೇ. ಬಾಯಾರಿದಾಗ ಕುಡಿಯಲು ಬಿಡಬೇಕು ಅನ್ನೋದಿಷ್ಟೇ ವಿಷಯ, ಅದಕ್ಕೂ ಹೆಣ್ಣುಮಕ್ಕಳು ಕದ್ದು ಕುಡಿಯಬೇಕಾಗಿತ್ತು. ತಮಾಷೆ ಅಂದರೆ ತಾಯಿಗೆ ಬೇಡ ಅಂದ ನೀರನ್ನೇ ಮಗುವಿಗೆ ಚಮಚದಲ್ಲಿ ಹಾಕುತ್ತಿದ್ದರು. ಆರು ತಿಂಗಳವರೆಗೆ ಕೂಸಿಗೆ ಎದೆಹಾಲು ಬಿಟ್ಟು ಏನೂ ಬೇಡ. ಏಪ್ರಿಲ್ ಬಿಸಿಲಿನ ಅರಸೀಕೆರೆಯಲ್ಲೂ ಒಂದು ತೊಟ್ಟು ನೀರು ಬೇಡ. ಆ ಹಾಲಿನಲ್ಲೇ ನೀರಿದೆ. ವರ್ಷ ತುಂಬುವವರೆಗೆ ಜೇನುತುಪ್ಪ ಅಂತೂ ನಾಲಿಗೆಗೆ ಸವರಲೂ ಬಾರದು, ಅದರಲ್ಲಿ ಇರಬಹುದಾದ ಒಂದು ಜಾತಿಯ ಬ್ಯಾಕ್ಟೀರಿಯಾ ಕೂಸಿನ ಕರುಳಿನಲ್ಲಿ ಬೆಳೆದು ವಿಷವಾಗುತ್ತೆ.

ಮೊದಲ ದಿನ ಹಾಲೇ ಬಂದಿಲ್ಲ ಅಂತ ಗಾಬರಿಯಾಗುವ ಮನೆಗಳು ಇವತ್ತಿಗೂ ಇವೆ. ಹುಟ್ಟಿದ ದಿನ ಮಗುವಿನ ಹೊಟ್ಟೆ ದೊಡ್ಡ ನೆಲ್ಲಿಕಾಯಿಯಷ್ಟೂ ಇರಲ್ಲ. ಒಂದು ಸಲಕ್ಕೆ ಒಂದು ಟೀ ಚಮಚದಷ್ಟು ಹಳದಿ ಹಾಲು ಸಾಕು. ಮೈಗೆ ರೋಗ ತಡೆಯುವ ಶಕ್ತಿ ಕೊಡೋದು ಅದೇ, ಹುಟ್ಟಿದ ಮಗುವಿನ ಮೊದಲ ಲಸಿಕೆ ಅಂತ ಡಾಕ್ಟರರು ಕರೆಯೋದೂ ಅದನ್ನೇ. ಗಂಟೆಯೊಳಗೆ ಎದೆಗೆ ಹಾಕಬೇಕು. ಸಿಸೇರಿಯನ್ ಆಗಿದ್ದರೂ ತಾಯಿಗೆ ಎಚ್ಚರವಿದ್ದರೆ ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡರೆ ಆಗುತ್ತೆ. ಎರಡು ಮೂರು ದಿನ ಕಳೆದ ಮೇಲೆ ಹಾಲು ತುಂಬಿ ಬರುತ್ತೆ. ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಕುಡಿಸಬೇಕು, ಗಡಿಯಾರ ನೋಡಿ ಅಲ್ಲ, ಮಗುವಿನ ಬಾಯಿ ನೋಡಿ. ಹಾಲು ಸಾಕಾಗುತ್ತಿದೆಯಾ ಅಂತ ತಿಳಿಯೋಕೆ ಎದೆ ಹಿಂಡಿ ನೋಡಬೇಕಿಲ್ಲ. ಐದನೇ ದಿನದ ನಂತರ ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ದರೆ ಸಾಕಾಗುತ್ತಿದೆ ಅಂತಲೇ ಅರ್ಥ. ಮೊದಲ ವಾರ ತೂಕ ಸ್ವಲ್ಪ ಇಳಿಯೋದು ಸಹಜ, ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಬರುತ್ತೆ. ಬರದಿದ್ದರೆ, ಮಗು ಕುಡಿಯದೆ ಸುಸ್ತಾಗಿ ಮಲಗಿಯೇ ಇದ್ದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಅಂಗಾಲಿನವರೆಗೆ ಹಳದಿಯಾದರೆ ಅದು ಮನೆಮದ್ದಿಗೆ ಕಾಯುವ ವಿಷಯ ಅಲ್ಲ.

ಮೊಲೆತೊಟ್ಟು ಒಡೆದು ರಕ್ತ ಬರೋದು, ನೋವಿಗೆ ಹೆದರಿ ಹಾಲು ಬಿಡಿಸೋದು ಇನ್ನೊಂದು ದೊಡ್ಡ ಗೋಳು. ಬಹುಪಾಲು ಸಲ ಕಾರಣ ಒಂದೇ. ಮಗು ತೊಟ್ಟನ್ನಷ್ಟೇ ಕಚ್ಚಿಕೊಂಡಿರುತ್ತೆ, ಸುತ್ತಲ ಕಪ್ಪು ಭಾಗ ಬಾಯೊಳಗೆ ಹೋಗಿರಲ್ಲ. ಬಾಯಿ ಅಗಲ ತೆರೆಸಿ, ಗಲ್ಲ ಎದೆಗೆ ತಾಗುವಂತೆ ಹಿಡಿದರೆ ಅರ್ಧ ನೋವು ಅಲ್ಲೇ ಮಾಯ. ಇದನ್ನು ಕೂತು ತೋರಿಸಿಕೊಡುವ ಒಬ್ಬ ಹೆಂಗಸು ಬೇಕು. ಹಳೆ ಮನೆಗಳಲ್ಲಿ ಅಂಥವರು ನಾಲ್ಕು ಜನ ಇರುತ್ತಿದ್ದರು. ಬೆಂಗಳೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಕೆಲಸದ ಮೇಲೆ ಊರು ಬಿಟ್ಟು ಹೋದವರ ಕ್ವಾರ್ಟರ್ಸಿನಲ್ಲಿ ಯಾರಿರುತ್ತಾರೆ? ಅನುಪಮಾ ಬರೆಯುತ್ತಿದ್ದ ದಶಕಗಳಲ್ಲಿ ಕನ್ನಡದ ಕುಟುಂಬಗಳು ಹೀಗೆ ಒಡೆದು ಸಣ್ಣದಾಗುತ್ತಿದ್ದವು. ಅಜ್ಜಿ ಇಲ್ಲದ ಮನೆಗೆ ಅವರ ಪುಸ್ತಕ ಅಜ್ಜಿಯಂತೆ ಹೋಯಿತು, ಅಜ್ಜಿ ಇರುವ ಮನೆಗೆ ಅಜ್ಜಿಯ ಜೊತೆ ಜಗಳವಾಡುವ ಧೈರ್ಯವಾಗಿ ಹೋಯಿತು.

ಎಣ್ಣೆ ನೀರಿನ ವಿಷಯ ಬಂದರೆ ಬೇಲೂರು, ಹಳೇಬೀಡಿನವರಿಗೆ ಇಷ್ಟವಾಗುವ ಒಂದು ಸಂಗತಿ ಇದೆ. ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುವ ನಮ್ಮ ದೇಶದ ಪದ್ಧತಿಗೆ ಫ್ರಾನ್ಸ್, ಬ್ರೆಜಿಲ್ ಕಡೆ ಶಾಂತಲಾ ಮಸಾಜ್ ಅಂತಲೇ ಹೆಸರು. ಫ್ರೆಡರಿಕ್ ಲೆಬೊಯೆ ಅನ್ನುವ ಫ್ರೆಂಚ್ ಹೆರಿಗೆ ವೈದ್ಯ 1976ರಲ್ಲಿ ಆ ಹೆಸರಿನ ಪುಸ್ತಕ ಮಾಡಿದ್ದೇ ಕಾರಣ. ವಿಷ್ಣುವರ್ಧನನ ರಾಣಿ ಶಾಂತಲೆಗೂ ಅದಕ್ಕೂ ಸಂಬಂಧ ಇಲ್ಲ, ಕಲ್ಕತ್ತೆಯ ಬೀದಿಯಲ್ಲಿ ಆತ ನೋಡಿದ, ಮಗುವಿಗೆ ಎಣ್ಣೆ ತಿಕ್ಕುತ್ತಿದ್ದ ಒಬ್ಬ ಬಡ ತಾಯಿಯ ಹೆಸರು ಅದು. ಹೀಗೆ ಹೊರಗಿನವರು ಹೊಗಳಿದ ಮೇಲೆ ನಮ್ಮದು ನಮಗೆ ದೊಡ್ಡದಾಗಿ ಕಾಣೋದು ಹಳೆ ಚಾಳಿ. ಹದವಾದ ಕೈಯಲ್ಲಿ ಎಣ್ಣೆ ತಿಕ್ಕೋದು ಕೂಸಿಗೆ ಹಿತ. ಹುಟ್ಟಿದ ದಿನವೇ ನೀರು ಹಾಕೋದು, ಮೂಗಿಗೆ ಕಿವಿಗೆ ಎಣ್ಣೆ ಬಿಡೋದು, ಮೂಗು ಎದ್ದು ನಿಲ್ಲಲಿ ಅಂತ ಹಿಂಡೋದು, ಕೋಣೆ ತುಂಬ ಸಾಂಬ್ರಾಣಿ ಹೊಗೆ ಹಾಕೋದು ಹಿತ ಅಲ್ಲ. ಎಳೆ ಶ್ವಾಸಕೋಶಕ್ಕೆ ಹೊಗೆ ಹೊಗೆಯೇ, ಅದು ಎಷ್ಟೇ ಘಮಘಮ ಅಂದರೂ.

ಅಜ್ಜಿಯರ ನಂಬಿಕೆ ಒಂದು ಕಡೆಯಾದರೆ ಪೇಟೆಯಿಂದ ಬಂದ ಹೊಸ ನಂಬಿಕೆ ಇನ್ನೊಂದು ಕಡೆ. ಹಾಲಿನ ಪುಡಿಯ ಡಬ್ಬ ಆ ಕಾಲಕ್ಕೆ ಅಂತಸ್ತಿನ ಗುರುತು. ದುಂಡುದುಂಡಗಿನ ಮಗುವನ್ನು ಗ್ಲ್ಯಾಕ್ಸೋ ಬೇಬಿ ಅನ್ನೋದು ಹಾಸನ ಜಿಲ್ಲೆಯ ಹೆಂಗಸರ ಬಾಯಲ್ಲೂ ಹೊಗಳಿಕೆಯ ಮಾತಾಗಿತ್ತು. ಡಬ್ಬ ತರುವ ಶಕ್ತಿ ಇಲ್ಲದವರು ತಂದ ಒಂದು ಡಬ್ಬವನ್ನೇ ತಿಂಗಳಿಡೀ ಬರಿಸಲು ನೀರು ಜಾಸ್ತಿ ಹಾಕುತ್ತಿದ್ದರು. ಕುದಿಸದ ನೀರು, ತೊಳೆಯದ ರಬ್ಬರ್ ನಿಪ್ಪಲ್, ಭೇದಿ, ಸೊರಗು. ಇದು ಇಲ್ಲಿನದಷ್ಟೇ ಕಥೆ ಅಲ್ಲ, ಆಫ್ರಿಕಾ, ಏಷ್ಯಾದ ಬಡ ದೇಶಗಳಲ್ಲೆಲ್ಲ ಹೀಗೇ ಆಗಿ ದೊಡ್ಡ ಗಲಾಟೆಯಾಯಿತು. 1981ರಲ್ಲಿ ವಿಶ್ವ ಆರೋಗ್ಯ ಸಭೆ ಹಾಲಿನ ಪುಡಿಯ ಮಾರಾಟಕ್ಕೆ ನೀತಿಸಂಹಿತೆ ತಂದಿತು. ಕಾರ್ಮಿಕರ, ಬಡವರ ಪರವಾಗಿ ಬರೆದ ದಂಪತಿಯ ಮನೆಯಲ್ಲಿ, ತಾಯಿಯ ಮೈಯಲ್ಲಿ ಪುಕ್ಕಟೆ ಇರುವುದನ್ನು ಬಿಟ್ಟು ಬಡ ಮನೆ ದುಡ್ಡು ಕೊಟ್ಟು ಕಾಯಿಲೆ ಕೊಳ್ಳುವುದು ಬರೀ ವೈದ್ಯಕೀಯದ ಪ್ರಶ್ನೆಯಾಗಿ ಉಳಿಯುವಂತಿರಲಿಲ್ಲ.

ಅನುಪಮಾ ಬರೆದ ಕಾದಂಬರಿಗಳಲ್ಲಿ ಋಣಮುಕ್ತಳು ಸಿನಿಮಾ ನೋಡುವವರಿಗೆ ಗೊತ್ತು, ಪುಟ್ಟಣ್ಣ ಕಣಗಾಲ್ ಅದನ್ನು 1984ರಲ್ಲಿ ತೆರೆಗೆ ತಂದರು. ಘೋಷ, ಎಳೆ, ಶ್ವೇತಾಂಬರಿ ಹೀಗೆ ಪಟ್ಟಿ ಉದ್ದ ಇದೆ. ತಾಯಿ ಮಗು ಬರೆದ ಕೈಗೆ ತೀರಾ ಹತ್ತಿರದ್ದು ಮಾತ್ರ ಮಾಧವಿ.

ಮಹಾಭಾರತದ ಉದ್ಯೋಗಪರ್ವದಲ್ಲಿ ಬರುವ ಸಣ್ಣ ಕಥೆ ಅದು. ಗಾಲವ ಅನ್ನೋ ಶಿಷ್ಯ ಗುರು ವಿಶ್ವಾಮಿತ್ರನಿಗೆ ಒಂದು ಕಿವಿ ಕಪ್ಪಿರುವ 800 ಬಿಳಿ ಕುದುರೆ ದಕ್ಷಿಣೆ ಕೊಡಬೇಕು. ಸಹಾಯ ಕೇಳಿದರೆ ಯಯಾತಿ ಮಹಾರಾಜ ಕುದುರೆ ಇಲ್ಲ ಅಂತ ಮಗಳು ಮಾಧವಿಯನ್ನೇ ಕೊಟ್ಟು ಕಳಿಸುತ್ತಾನೆ. ಗಾಲವ ಅವಳನ್ನು ಒಬ್ಬರಾದ ಮೇಲೆ ಒಬ್ಬರಂತೆ ಹರ್ಯಶ್ವ, ದಿವೋದಾಸ, ಉಶೀನರ ಅನ್ನೋ ಮೂವರು ರಾಜರಿಗೆ ಒಪ್ಪಿಸುತ್ತಾನೆ. ಪ್ರತಿಯೊಬ್ಬನಿಗೂ ಒಂದು ಗಂಡು ಮಗು, ಪ್ರತಿಯೊಬ್ಬನಿಂದ 200 ಕುದುರೆ. ಉಳಿದ 200ರ ಬದಲಿಗೆ ಕೊನೆಗೆ ವಿಶ್ವಾಮಿತ್ರನಿಗೇ ಅವಳನ್ನು ಕೊಟ್ಟು ನಾಲ್ಕನೇ ಮಗು. ಹೆತ್ತ ಮಕ್ಕಳನ್ನೆಲ್ಲ ಅರಮನೆಯಲ್ಲೇ ಬಿಟ್ಟು ಮುಂದಿನ ಊರಿಗೆ ನಡೆಯಬೇಕು. ಪುರಾಣ ಹೇಳುವವರು ಇದನ್ನು ಗುರುಭಕ್ತಿಯ ಕಥೆಯಾಗಿ, ದಾನದ ಕಥೆಯಾಗಿ ಹೇಳಿಕೊಂಡು ಬಂದಿದ್ದರು. 1970ರ ದಶಕದಲ್ಲಿ ಅನುಪಮಾ ಅದನ್ನು ಆ ಹೆಣ್ಣಿನ ಕಡೆಯಿಂದ ಬರೆದರು.

ಹೆರಿಗೆಯಾಗಿ ಮಾಸು ಬಿದ್ದ ಮೇಲೆ ಎರಡು ಮೂರು ದಿನದಲ್ಲಿ ಎದೆ ತುಂಬಿ ಬರುತ್ತೆ. ಪಕ್ಕದಲ್ಲಿ ಮಗು ಇದೆಯೋ ಇಲ್ಲವೋ ಅನ್ನೋದನ್ನು ಮೈ ಕೇಳೋದಿಲ್ಲ. ಮಗು ತೀರಿಕೊಂಡ ತಾಯಂದಿರ ರವಿಕೆ ಒದ್ದೆಯಾಗೋದನ್ನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದ ಯಾವ ಡಾಕ್ಟರೂ, ಯಾವ ನರ್ಸೂ ಮರೆಯಲ್ಲ. ನಾಲ್ಕು ಸಲ ಹೆತ್ತು ನಾಲ್ಕು ಸಲವೂ ಬರಿಗೈಲಿ ನಡೆದವಳ ಕಥೆಯನ್ನು ಒಬ್ಬ ವೈದ್ಯೆ ಎತ್ತಿಕೊಂಡರೆ ಅದರ ತೂಕವೇ ಬೇರೆ. ಕನ್ನಡದಲ್ಲಿ ಅವರ ಹೆಸರು ಬಂದಾಗೆಲ್ಲ ಮಾಧವಿ ನೆನಪಾಗೋದು ಇದಕ್ಕೇ ಇರಬೇಕು.

ತೊಟ್ಟಿಲು ದಾಟಿದ ಮಕ್ಕಳನ್ನೂ ಅವರು ಬಿಡಲಿಲ್ಲ. ವರ್ಷದ ಪ್ರತಿ ದಿನಕ್ಕೆ ಒಂದರಂತೆ, ತಿಂಗಳಿಗೊಂದು ಸಂಪುಟದಂತೆ 12 ಸಂಪುಟಗಳಲ್ಲಿ ದಿನಕ್ಕೊಂದು ಕಥೆ ಬರೆದರು. 1978ರಲ್ಲಿ ಅದಕ್ಕೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು. ಊರಿನ ಶಾಲೆ ಲೈಬ್ರರಿಗಳಲ್ಲಿ ರಟ್ಟು ಕಿತ್ತುಹೋಗುವಷ್ಟು ಓದಿಸಿಕೊಂಡ ಪುಸ್ತಕ ಅದು.

ಮನೆಯ ಬದುಕು ಸಲೀಸಾಗಿರಲಿಲ್ಲ. ನಿರಂಜನರಿಗೆ ಪಾರ್ಶ್ವವಾಯು ಹೊಡೆಯಿತು. ಆ ಸ್ಥಿತಿಯಲ್ಲೂ ಅವರು 25 ಸಂಪುಟಗಳ ವಿಶ್ವಕಥಾಕೋಶದ ಸಂಪಾದನೆ ಮಾಡಿ ಮುಗಿಸಿದರು ಅಂತ ಜನ ಬೆರಗಾಗುತ್ತಾರೆ, ಬೆರಗಾಗಬೇಕಾದ್ದೇ. ಆದರೆ ಅಂಥ ಮನೆಯಲ್ಲಿ ಔಷಧಿ, ಊಟ, ಖರ್ಚು, ಮಕ್ಕಳ ಓದು ನಡೆಸಿಕೊಂಡು, ರೋಗಿಗಳನ್ನೂ ನೋಡಿಕೊಂಡು, ತಾವೂ ಬರೆದವರ ಕಡೆಗೆ ಆ ಬೆರಗು ಅಷ್ಟಾಗಿ ತಿರುಗಿದ್ದಿಲ್ಲ. ಆಮೇಲೆ ಅವರಿಗೇ ಕ್ಯಾನ್ಸರ್ ಬಂತು. ಡಾಕ್ಟರಾದ್ದರಿಂದ ಏನಾಗುತ್ತಿದೆ ಅನ್ನೋದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನೆನಪು ಸಿಹಿ ಕಹಿ ಅಂತ ಆತ್ಮಕಥೆ ಬರೆದರು. 1991ರ ಫೆಬ್ರವರಿ 15ರಂದು ತೀರಿಕೊಂಡಾಗ 57 ತುಂಬಿರಲಿಲ್ಲ. ನಿರಂಜನರೂ ಅವರ ನಂತರ ಹೆಚ್ಚು ಕಾಲ ಉಳಿಯಲಿಲ್ಲ. ಕರ್ನಾಟಕ ಲೇಖಕಿಯರ ಸಂಘ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಾ ಬಂದಿದೆ.

ಅವರು ಹೋದ ಮರುವರ್ಷ, 1992ರಲ್ಲಿ, ಹಾಲಿನ ಪುಡಿ ಮತ್ತು ಬಾಟಲಿಗಳ ಜಾಹೀರಾತಿಗೆ ಕಡಿವಾಣ ಹಾಕುವ ಕಾನೂನು ದೇಶದಲ್ಲಿ ಬಂತು. 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಇವತ್ತು ಡಬ್ಬದ ಮೇಲೆ ದುಂಡು ಮಗುವಿನ ಚಿತ್ರ ಹಾಕುವಂತಿಲ್ಲ, ತಾಯಿ ಹಾಲೇ ಮೇಲು ಅಂತ ಬರೆಯಲೇಬೇಕು. 1992ರಿಂದಲೇ ಆಗಸ್ಟ್ ಮೊದಲ ವಾರ ಪ್ರಪಂಚದೆಲ್ಲೆಡೆ ಸ್ತನ್ಯಪಾನ ಸಪ್ತಾಹವೂ ಶುರುವಾಯಿತು. ಅಂಗನವಾಡಿಗಳಲ್ಲಿ ಪ್ರತಿ ವರ್ಷ ಬ್ಯಾನರ್ ಕಟ್ಟುವುದು ಅದಕ್ಕೇ.

ಅನುಪಮಾ ಕಾಲದ ಭಯ ಈಗ ಬಹಳ ಇಳಿದಿದೆ. 2020ರ ಲೆಕ್ಕದಲ್ಲಿ ವರ್ಷದೊಳಗೆ ತೀರಿಕೊಳ್ಳುವ ಮಕ್ಕಳು ದೇಶದಲ್ಲಿ 1000ಕ್ಕೆ 28, ಕರ್ನಾಟಕದಲ್ಲಿ 19. ಸೂಲಗಿತ್ತಿಯ ಕೈಯಿಂದ ಹೆರಿಗೆ ಆಸ್ಪತ್ರೆಗೆ ಬಂದಿದೆ. 2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 100 ಹೆರಿಗೆಗಳಲ್ಲಿ 97 ಆಸ್ಪತ್ರೆಯಲ್ಲೇ ಆಗುತ್ತಿವೆ. ಆದರೆ ಅದೇ ಸಮೀಕ್ಷೆಯಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ತಾಯಿ ಹಾಲು ಸಿಕ್ಕ ಮಕ್ಕಳು ಹೆಚ್ಚುಕಡಿಮೆ ಅರ್ಧ ಮಾತ್ರ. ಹೆರಿಗೆಗಳಲ್ಲಿ ಮೂರರಲ್ಲಿ ಒಂದು ಸಿಸೇರಿಯನ್ ಆಗಿರೋದು ಒಂದು ಕಾರಣ ಇರಬಹುದು. ಹಳದಿ ಹಾಲಿನ ಬಗ್ಗೆ ಇನ್ನೂ ಹೋಗದ ಅನುಮಾನವೂ ಇನ್ನೊಂದು ಇರಬಹುದು. ಡಾಕ್ಟರು, ನರ್ಸು, ಬೆಡ್ಡು ಎಲ್ಲ ಇರುವ ಕಡೆಯಲ್ಲೇ ಹೀಗೆ.

ಆಸ್ಪತ್ರೆಯಲ್ಲಿ ಹೆತ್ತು ಮನೆಗೆ ಬಂದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಮಗುವನ್ನು ತೂಗಬೇಕು, ಹಾಲು ಕುಡಿಯೋದನ್ನು ಕೂತು ನೋಡಬೇಕು, ಹೊಕ್ಕುಳು ನೋಡಬೇಕು, ತಾಯಿಗೆ ಜ್ವರ, ರಕ್ತಸ್ರಾವ ಇದೆಯಾ ಕೇಳಬೇಕು, ತಾಯಿ ಮಂಕಾಗಿ ಅಳುತ್ತಾ ಕೂತಿದ್ದರೆ ಅದನ್ನೂ ಗಮನಿಸಬೇಕು. ಬಾಣಂತಿ ಕೋಣೆಗೆ ಹೊರಗಿನವರು ಬರಬಾರದು ಅಂತ ಕೆಲವು ಮನೆಗಳಲ್ಲಿ ಇವರನ್ನು ಜಗಲಿಯಲ್ಲೇ ಕೂರಿಸಿ ಕಾಫಿ ಕೊಟ್ಟು ಕಳಿಸುತ್ತಾರೆ. ತಾಯಿ ಮಗು ಪುಸ್ತಕ ಮಾತ್ರ ಸೀರೆ ಮಡಿಕೆಯೊಳಗೆ ಸೇರಿ ಆ ಬಾಗಿಲು ದಾಟಿತ್ತು.